ಲಿಫ್ಟಿನವನ ಹೆಂಡತಿ ಹತ್ತಿದ ಮೆಟ್ಟಿಲು

ಸಂಜೆಯ ಹೊಂಬಿಸಿಲು ಧೂಳುಗಾಜಿನಲ್ಲಿ ಸೋಸಿ ಬಂದು, ಆ ಐದು ಮಹಡಿಯ ಕಟ್ಟಡದ ಸವೆದ ಮೆಟ್ಟಿಲುಗಳ ಮೇಲೆ ಒಂದೊಂದಾಗಿ, ಅವಸರವಿಲ್ಲದೆ, ಇಳಿಯುತ್ತಿತ್ತು... ಬೆಳಕಿಗೂ ಮೆಟ್ಟಿಲೇ ಸಾಕು, ಸಹೃದಯರೇ, ಲಿಫ್ಟು ಬೇಡ! ಆ ಸ್ವರ್ಣಧಾರೆಗೆ ಎದುರಾಗಿ ಏಳು ತಿಂಗಳ ಬಸುರಿ ದರ್ಜಿಯೊಬ್ಬಳು, ಕೆಳಗಿನ ಹೊಲಿಗೆ ಅಂಗಡಿಯಿಂದ ಐದನೆಯ ಮಹಡಿಯ ಮನೆಗೆ, ಕಂಬಿ ಹಿಡಿದು ಹತ್ತುತ್ತಿದ್ದಳು. ಪಕ್ಕದ ಲಿಫ್ಟಿನೊಳಗೆ ಅವಳ ಗಂಡ. ಅದನ್ನು ನಡೆಸುವುದೇ ಅವನ ಉದ್ಯೋಗ. ಮಹಡಿ ಮಹಡಿಗೂ ಬಾಗಿಲು ತೆರೆದು, ಬೇಸಗೆಯ ಕೆರೆ ಮುಗಿಲಿಗೆ ಕಾಯುವಂತೆ, ಅವಳಿಗಾಗಿ ಕಾಯುತ್ತಿದ್ದ.

ಹೋದ ವರ್ಷವೂ ಅವಳು ಬಸುರಾಗಿದ್ದಳು. ಆಗ ಅತ್ತೆ ಅಂಗಡಿಗೆ ಬೀಗ ಹಾಕಿಸಿ, ಸೊಸೆಯನ್ನು ಗಾಜಿನ ಬೊಂಬೆಯಂತೆ ಮಂಚದ ಮೇಲಿಟ್ಟರು. ಕಾಲು ಊದಿತು, ನಿದ್ದೆ ಹಾರಿತು. ಐದನೆಯ ತಿಂಗಳಲ್ಲಿ ಕೂಸೂ ಹೋಯಿತು... ಈ ಸಲ ದಾದಿ ಎಲ್ಲವನ್ನೂ ಪರೀಕ್ಷಿಸಿ, ನಡಿ, ಮೆಟ್ಟಿಲು ಹತ್ತು, ಉಸಿರು ಕಟ್ಟಿದರೆ ನಿಲ್ಲು ಎಂದಿದ್ದಳು. ಅತ್ತೆ ಕೇಳಬೇಕಲ್ಲ! ಕೂಸು ಜಾರುತ್ತದೆ ಎಂದರು, ಅಕ್ಕಪಕ್ಕದವರು ಹೌದೆಂದರು. ಬಾಯಿದ್ದವರೆಲ್ಲ ವೈದ್ಯರೇ. ಅವಳಿಗೋ ಈಗ ಕಣ್ತುಂಬ ನಿದ್ದೆ, ಸೊಂಟದ ನೋವಿಗೆ ಬಿಡುವು. ಕಿವಿಗೆ ಹಾಕಿಕೊಳ್ಳದೆ ಹತ್ತಿದಳು.

ಅಂದು ಎರಡನೆಯ ಮಹಡಿಯಲ್ಲಿ ಗಂಡ ಕೈ ಅಡ್ಡ ಹಿಡಿದ.

"ಸಾಕು, ಒಳಗೆ ಬಾರೇ. ಅಮ್ಮ ಮೇಲೆ ನೋಡ್ತಾ ನಿಂತಿದ್ದಾಳೆ. ನಂಗೂ ಹೆದರಿಕೆ ಆಗುತ್ತೆ."

"ಹೋದ ಸಲ ಮಲಗೇ ಇದ್ನಲ್ಲ. ಉಳೀತಾ?"

ಅವನ ಕೈ ಅಡ್ಡವಾಗಿಯೇ ಇತ್ತು. ಇಬ್ಬರ ನಡುವೆ ಆ ಹೆಸರಿಡದ ಕೂಸೇ ಬಂದು ಕುಳಿತುಕೊಂಡಿತು...

"ನಂಗೂ ಹೆದರಿಕೇನೇ. ಹೆದರ್ಕೊಂಡೇ ಹತ್ತುತೀನಿ. ಕೈ ತೆಗೀರಿ."

ಕೈ ತೆಗೆದ. ಲಿಫ್ಟನ್ನು ಅಲ್ಲೇ ಬಿಟ್ಟು, ಬಾಗಿಲಿಗೆ ಚಿಲಕ ಜಡಿದು, ಅವಳ ಹಿಂದೆ ಹೆಜ್ಜೆಯಿಟ್ಟ. ಎಲ್ಲ ಮಹಡಿಗಳಿಂದಲೂ ಲಿಫ್ಟು ಕರೆಯುವ ಗಂಟೆಗಳು ಬೊಬ್ಬಿಟ್ಟವು, ಬೊಬ್ಬಿಡಲಿ! ಹನ್ನೆರಡು ವರ್ಷ ನಿಂತಲ್ಲೇ ನಿಂತು ಊರನ್ನೆಲ್ಲ ಏರಿಸಿ ಇಳಿಸಿದ ಆ ಮಹಾಶಯ, ನಾಲ್ಕನೆಯ ಮಹಡಿಗೆ ಬರುವಷ್ಟರಲ್ಲಿ ಕಮ್ಮಾರನ ತಿದಿಯಂತೆ ಬುಸುಗುಟ್ಟುತ್ತ ಮೆಟ್ಟಿಲ ಮೇಲೆ ಕುಸಿದ.

ಅವಳು ತಿರುಗಿ ನೋಡಿದಳು. "ರೀ, ನಿಮಗೆ ಎಷ್ಟು ತಿಂಗಳು?"

ಬೈಯಲೆಂದೇ ಮೇಲೆ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಸೆರಗಿಗೂ ಬಗ್ಗಲಿಲ್ಲ. ಅವಳು ಕೈ ನೀಡಿದಳು, ಅವನು ಎದ್ದ.

ಈ ಕೂಸು ಉಳಿಯುತ್ತದೋ ಇಲ್ಲವೋ, ಆ ಸಂಜೆ ಯಾರಿಗೂ ತಿಳಿದಿರಲಿಲ್ಲ. ಒಲಿದ ಜೀವದ ಭಯವನ್ನು ಹೊತ್ತುಕೊಳ್ಳಲು ಒಲವಿಗೂ ಆಗದು, ಸಹೃದಯರೇ... ಅದರ ಹಿಂದೆ, ಒಂದೇ ಒಂದು ಮೆಟ್ಟಿಲು ಕೆಳಗೆ, ಏದುಸಿರು ಬಿಡುತ್ತ ಬರಲು ಮಾತ್ರ ಆದೀತು!