ಖಾಲಿ ಬಾಯಿ

ಬೆಳಗಾವಿಯ ರವಿವಾರ ಪೇಟೆಯ ಅಕ್ಕಿ ವ್ಯಾಪಾರಿ ಆದಿನಾಥರಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಹೆಂಡತಿ ಚಂಪಾಬಾಯಿಯ ಗುಳಿಗೆಯ ಚೀಟಿ ಮಡಿಕೆಯಲ್ಲಿ ಹರಿಯತೊಡಗಿದಾಗ ಅದಕ್ಕೂ ಲ್ಯಾಮಿನೇಶನ್ ಮಾಡಿಸಿದ ಪುಣ್ಯಾತ್ಮರು ಅವರು. ತಿಂಗಳಿಗೊಮ್ಮೆ ಅಕ್ಕಿ ಖರೀದಿಗೆ ಖಾನಾಪುರಕ್ಕೆ ಹೋದಾಗ ಔಷಧಿ ಅಂಗಡಿಯಲ್ಲಿ ಆ ಚೀಟಿ ತೋರಿಸಿ ಮೂವತ್ತು ಗುಳಿಗೆ ತರುತ್ತಿದ್ದರು. ಎಂಟು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಗುಳಿಗೆ ಶುರುವಾಗಿದ್ದು ಅಂಜಿಕೆಗೆ. ಜೈನರ ಮನೆಯಲ್ಲಿ ನೀರು ಸೋಸಿ ಕುಡಿಯುವುದು ರೂಢಿ; ಚಂಪಾಬಾಯಿ ಅದೇ ನೀರನ್ನು ಏಳು ಸಲ, ಹತ್ತು ಸಲ ಸೋಸತೊಡಗಿದ್ದಳು. ಕಾಲ ಕೆಳಗೆ ಇರುವೆ ಸತ್ತಿತೆಂದು ಅಳುತ್ತ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದಳು. ಅವಳ ತವರೂರು ಖಾನಾಪುರದ ಡಾಕ್ಟರರೊಬ್ಬರು ಬರೆದುಕೊಟ್ಟ ಗುಳಿಗೆಯಿಂದ ಎರಡೇ ವಾರದಲ್ಲಿ ಹಗುರಾದಳು. ನೆಟ್ಟಗೆ ನಡೆದದ್ದನ್ನು ಯಾಕೆ ಕೆದಕಬೇಕೆಂದು ಆದಿನಾಥರು ಮತ್ತೆ ಆ ಡಾಕ್ಟರರ ಬಳಿ ಹೋಗಲೇ ಇಲ್ಲ.

ಹೋದ ವರ್ಷ, ಜೈನರು ಹತ್ತು ದಿನ ವ್ರತ ಹಿಡಿಯುವ ದಶಲಕ್ಷಣ ಪರ್ವದಲ್ಲಿ, ಚಂಪಾಬಾಯಿ ಮೂರು ದಿನ ನೀರೂ ಮುಟ್ಟದ ಉಪವಾಸ ಹಿಡಿದಳು. ನೀರಿಲ್ಲವೆಂದ ಮೇಲೆ ಗುಳಿಗೆಯೂ ಇಲ್ಲ. ಎರಡನೆಯ ದಿನ ಹಿಂದವಾಡಿಯ ಬಸದಿಯಲ್ಲಿ ಹೆಂಗಸರ ಸಾಲಿನಲ್ಲಿ ಕೂತಾಗ ಅವಳ ದವಡೆ ಮೆಲ್ಲಗೆ ಜಗಿಯುತ್ತಿತ್ತು, ನಾಲಿಗೆ ಕೆನ್ನೆಯೊಳಗೆ ಹೊರಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಪದ್ಮವ್ವ ಎದ್ದು ಬೇರೆ ಕಡೆ ಕೂತಳು. ಸಂಜೆಯೊಳಗೆ ಸುದ್ದಿ ಗಂಡಸರ ಸಾಲಿಗೂ ಮುಟ್ಟಿತು: ಆದಿನಾಥರ ಮನೆಯವರು ಉಪವಾಸದಲ್ಲಿ ಅಡಿಕೆ ಜಗಿಯುತ್ತಾರಂತೆ.

ಆದಿನಾಥರಿಗೆ ತಲೆ ಎತ್ತಿ ನಡೆಯಲಾಗದಂತಾಯಿತು. ಮನೆಗೆ ಬಂದವರೇ ಬಾಗಿಲು ಹಾಕಿ, ಬಾಯಿ ತೆಗೆ ಅಂದರು. ಏನೂ ಇಲ್ಲವೆಂದು ಅವಳು ಹೇಳಿದ್ದನ್ನು ನಂಬಲಿಲ್ಲ. ಮೂವತ್ತೈದು ವರ್ಷ ಜೊತೆಗೆ ಬಾಳಿದವಳ ಬಾಯಿಯಲ್ಲಿ, ಕದ್ದ ಮಾಲು ಹುಡುಕುವವರ ಹಾಗೆ, ಬೆರಳು ಹಾಕಿ ತಡಕಿದರು. ಒಳಗೆ ಏನೂ ಇರಲಿಲ್ಲ. ಎರಡು ದಿನದಿಂದ ನೀರು ಕಾಣದ ಆ ಒಣ ಬಾಯಿ ಅವರ ಬೆರಳನ್ನೇ ಜಗಿಯುತ್ತಿತ್ತು. ನಿಲ್ಲಿಸು ಎಂದು ಗದರಿದರು.

"ನಿಲ್ಲವಲ್ದ್ರಿ," ಅಂದಳು ಚಂಪಾಬಾಯಿ.

ಉಪವಾಸ ಮುಗಿದ ಮೇಲೆ ಆದಿನಾಥರು ಅವಳನ್ನು ಊರಿನ ಮನೋರೋಗದ ಡಾಕ್ಟರಮ್ಮನ ಬಳಿ ಕರೆದೊಯ್ದರು. ಡಾಕ್ಟರಮ್ಮ ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಪ್ಲಾಸ್ಟಿಕ್ಕಿನ ಒಳಗೆ ಅಕ್ಷರಗಳು ಮೊನ್ನೆ ಬರೆದಷ್ಟು ಸ್ಪಷ್ಟವಾಗಿದ್ದವು.

"ಇದು ಇಲ್ಲದ ದನಿ ಕೇಳೋರಿಗೆ ಕೊಡೋ ಗುಳಿಗಿ. ಅಂಜಿಕಿಗೂ ಸ್ವಲ್ಪ ದಿನ ಕೊಡತಾರ. ಮೂವತ್ತು ದಿನ ಅಂತ ಬರದಾರಲ್ರಿ ಇಲ್ಲೆ. ಎಂಟು ವರ್ಷ ನುಂಗಸ್ರಿ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಆ ಗುಳಿಗೆಯೇ ಬಾಯಿಗೆ ಈ ಚಟ ಹಚ್ಚಿದೆ, ಇಷ್ಟು ದಿನ ಅದೇ ಗುಳಿಗೆ ಅದನ್ನು ಮುಚ್ಚಿಟ್ಟಿತ್ತು, ಉಪವಾಸದಲ್ಲಿ ತಪ್ಪಿದೊಡನೆ ಹೊರಬಿತ್ತು ಎಂದರು ಡಾಕ್ಟರಮ್ಮ. ನಿಧಾನಕ್ಕೆ ಬಿಡಿಸೋಣ, ಜಗಿಯುವುದು ನಿಂತರೆ ನಿಂತೀತು, ಇಲ್ಲದಿದ್ದರೆ ಇಲ್ಲ ಎಂದು, ಅಂಜಿಕೆಗೆ ಬೇರೆ ಔಷಧಿ ಬರೆದರು.  ಆದಿನಾಥರು ತಮ್ಮ ಕೈಯಾರೆ ಮಾಡಿದ ಕೆಲಸ, ಅದೂ ಅಷ್ಟು ಅಚ್ಚುಕಟ್ಟಾಗಿ!

ಕೊನೆಗೊಂದು ದಿನ ಅವರು ಬಸದಿಗೆ ಹೋಗಿ ಎಲ್ಲರೆದುರು ತಪ್ಪು ತಮ್ಮದೆಂದು ಹೇಳಿದರು. ಪದ್ಮವ್ವ ಮನೆಗೇ ಬಂದು ಚಂಪಾಬಾಯಿಯ ಕೈ ಹಿಡಿದು ಅತ್ತಳು. ಚಂಪಾಬಾಯಿ ಮುಖ ಎತ್ತಿ ನೋಡಲಿಲ್ಲ. ಬಗ್ಗಿ, ಪದ್ಮವ್ವನ ಪಾದದ ಕೆಳಗೆ ಇರುವೆ ಸಿಕ್ಕಿದೆಯೇನೋ ಎಂದು ಹುಡುಕುತ್ತಿದ್ದಳು. ಅಷ್ಟೊತ್ತಿಗೆ ಹಳೆಯ ಗುಳಿಗೆ ಬಿಟ್ಟು ಏಳು ತಿಂಗಳಾಗಿತ್ತು. ಹೊಸ ಔಷಧಿ ಎರಡು ಸಲ ಬದಲಾಗಿತ್ತು. ಅಂಜಿಕೆ ಮೊದಲಿನದಕ್ಕಿಂತ ಜೋರಾಗಿ ತಿರುಗಿ ಬಂದಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ.

ಈಗ ದಿನಾ ಹೊತ್ತು ಮುಳುಗುವ ಮೊದಲು ಅವಳು ಗಂಡನ ಎದುರು ಬಂದು ಕೂತು ತಾನಾಗಿಯೇ ಬಾಯಿ ತೆರೆಯುತ್ತಾಳೆ.

"ಸರಿಯಾಗಿ ನೋಡ್ರಿ. ಒಳಗ ಏನೋ ಜೀವ ಸಿಕ್ಕೇತಿ. ನಾ ಅದನ್ನ ಜಗದು ಕೊಲ್ಲಾಕತ್ತೀನಿ."

ಆದಿನಾಥರು ಬೆರಳು ತೊಳೆದುಕೊಂಡು ಒಳಗೆ ಹಾಕುತ್ತಾರೆ. ಕೆನ್ನೆಯ ಸಂದು, ನಾಲಿಗೆಯ ಅಡಿ, ಎಲ್ಲ ತಡಕಿ, ಏನೂ ಇಲ್ಲ ಅನ್ನುತ್ತಾರೆ. ಅವಳು ನಂಬುವುದಿಲ್ಲ. ಇನ್ನೊಮ್ಮೆ ನೋಡಿರೆಂದು ಮತ್ತೆ ಬಾಯಿ ತೆರೆಯುತ್ತಾಳೆ, ಅವರು ಮತ್ತೆ ಬೆರಳು ಹಾಕುತ್ತಾರೆ.