ಜೀಪಿನ ಸಪ್ಪಳ

ಶವ ಹೊತ್ತ ಜನಾಜಾದ ಮುಂಗೋಲಿಗೆ ಭುಜ ಕೊಟ್ಟು ಏರು ಹತ್ತುತ್ತಿದ್ದ ಜಾಕೀರ್ ಥಟ್ಟನೆ ನಿಂತುಬಿಟ್ಟ. ಉಳಿದ ಮೂವರೂ ತಡವರಿಸಿದರು. ಹಸಿರು ಚಾದರದ ಅಡಿಯಲ್ಲಿ ಅವನ ತಾಯಿ ಫಾತಿಮಾಬಿಯ ಹಗುರ ಶರೀರ ಒಮ್ಮೆ ಅಲುಗಿ ನೆಲೆಗೊಂಡಿತು.

“ಯಾಕಲೇ, ಭಾರ ಆತೇನು?” ಎಂದ ಹಿಂಗೋಲು ಹೊತ್ತಿದ್ದ ಮುನಾಫ್. ಅವನು ಫಾತಿಮಾಬಿಯ ತಮ್ಮ, ಹಟ್ಟಿಗೆ ಹಿರಿಯ.

“ಭಾರ ಎಲ್ಲಿಂದು, ಮಾಮಾ? ಏನರ ಸಪ್ಪಳಾ ಕೇಳತೇನು?”

“ಗಾಳಿ ಐತಿ, ನಡಿ. ಜೀಪ್ ಇದ್ದಿದ್ರ ನಮ್ಮಕ್ಕ ಇಷ್ಟೊತ್ತಿಗೆ ಎದ್ದು ಓಡತಿದ್ಳು.”

ಯಾರೋ ನಕ್ಕರು, ನಕ್ಕವರೇ ನಗೆಯನ್ನು ನುಂಗಿಕೊಂಡರು.

ಹಿಂದೆ ಬರುತ್ತಿದ್ದ ಜಾಕೀರನ ಮಗಳು ನಾಜಮೀನಳಿಗೆ ನಗು ಬರಲಿಲ್ಲ. ಬೇರೆ ಊರುಗಳಲ್ಲಿ ಹೆಂಗಸರು ಮಣ್ಣಿಗೆ ಹೋಗುವ ವಾಡಿಕೆಯಿಲ್ಲ. ಕಲಘಟಗಿಯ ಪಡುವಣದಲ್ಲಿ ಅಡವಿಗೆ ಅಂಟಿಕೊಂಡಿದ್ದ ಈ ಸಿದ್ದಿಯರ ಹಟ್ಟಿಯಲ್ಲಿ ಮಾತ್ರ ಗಡಿಕಲ್ಲಿನವರೆಗೆ ಹೆಣ್ಣುಮಕ್ಕಳೂ ಬರುವುದುಂಟು. ಕಲ್ಲಿನ ಆಚೆ, ಮತ್ತಿಮರದ ಕೆಳಗೆ, ಗುಂಡಿ ಸಿದ್ಧವಾಗಿತ್ತು. ಹಿರಿಯರೆಲ್ಲ ಮಲಗಿದ್ದ ಜಾಗವದು. ಆದರೆ ಕಲ್ಲು ನೆಟ್ಟ ಅರಣ್ಯ ಇಲಾಖೆಯವರ ಲೆಕ್ಕದಲ್ಲಿ ಅದು ಹಟ್ಟಿಯದಾಗಿರಲಿಲ್ಲ. ಅಲ್ಲಿ ಮಣ್ಣು ಮಾಡುವಾಗಲೆಲ್ಲ ಒಬ್ಬರ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು.

ಅವಳಿಗೆ ಇನ್ನೊಂದು ಅಂಜಿಕೆಯೂ ಇತ್ತು. ಬುಡಕಟ್ಟಿನ ಮಕ್ಕಳು ಪರಿಸರ ವಿಜ್ಞಾನ ಓದಲೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಅವಳ ಹೆಸರು ಬಂದಿತ್ತು. ಅದನ್ನು ಕೊಡುವವರು ಈ ವಾರ ಮನೆಗೇ ಬರುವವರಿದ್ದರು. ಅವಳು ಈ ಹಟ್ಟಿಯ ಮಗಳೆಂದು ಇಬ್ಬರು ಹಿರಿಯರು ಅವರೆದುರು ನಿಂತು ಹೇಳಬೇಕು. ಹೇಳದಿದ್ದರೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಇವತ್ತೊಂದು ದಿನ ಅವರು ಬರದಿರಲಿ ಎಂದು ಅವಳು ಮನಸ್ಸಿನಲ್ಲೇ ದುವಾ ಮಾಡಿದಳು.

*

ಹೋದ ಬೇಸಿಗೆಯಲ್ಲಿ ನಾಜಮೀನ್ ವಿದ್ಯಾರ್ಥಿವೇತನದ ಸುದ್ದಿ ತಂದಾಗ ಫಾತಿಮಾಬಿ ಹಿತ್ತಲಲ್ಲಿ ಸೀಗೆಕಾಯಿ ಹರವುತ್ತಿದ್ದಳು.

“ಅಡವಿ ಓದೂದಂದ್ರ ಏನಬೇ ಅದು?”

“ಗಿಡಾ, ನೀರು, ಮಣ್ಣು, ಪ್ರಾಣಿ... ಎಲ್ಲಾ ತಿಳಕೊಳ್ಳೂದು, ಅಜ್ಜಿ.”

“ಅದಕ್ಕ ಅಡವ್ಯಾಗ ಹೋಗಬೇಕಾಗತೈತೇನು?”

“ಹೋಗಲೇಬೇಕು. ಅದಕ್ಕೇ ರೊಕ್ಕಾ ಕೊಡತಾರ.”

ಮುದುಕಿ ಸೀಗೆಕಾಯಿ ಬಿಟ್ಟು ಮೊಮ್ಮಗಳನ್ನು ದಿಟ್ಟಿಸಿದಳು. “ನಾವು ಹೋದ್ರ ಹೊಡೀತಿದ್ರು. ನೀ ಹೋದ್ರ ರೊಕ್ಕಾ ಕೊಡತಾರ?”

ಒಂದು ಗಡಿಗೆ ಜೇನಿಗಾಗಿ ಅವಳ ಗಂಡ ದಾವೂದಸಾಬನನ್ನು ಅರಣ್ಯ ಇಲಾಖೆಯ ಖಾಕಿಯವರು ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು. ಮರಳಿ ಬಂದಾಗ ಅವನ ಒಂದು ಕಾಲು ಬಾಗುತ್ತಿರಲಿಲ್ಲ. ಆಮೇಲೆ ಅವನು ಮಾತಾಡಿದ್ದೂ ಕಡಿಮೆ. ಅಂದಿನಿಂದ ಫಾತಿಮಾಬಿ ಬಾಗಿಲಿಗೆ ಬೆನ್ನು ಹಾಕಿ ಉಂಡವಳಲ್ಲ. ದೂರದಲ್ಲಿ ಇಂಜಿನ್ ಗುರುಗುಟ್ಟಿದರೆ ಸಾಕು, ಒಲೆಗೆ ನೀರು ಸುರಿದು, ಮಕ್ಕಳನ್ನು ಕರೆದುಕೊಂಡು ಪೊದೆ ಸೇರುತ್ತಿದ್ದಳು. ಹಟ್ಟಿ ಅವಳ ಹಿಂದೆ ಓಡುವುದನ್ನು ಕಲಿತಿತ್ತು.

“ಮುಂದ ನೀನೂ ಜೀಪಿನ್ಯಾಗ ಬರತಿಯೇನು?” ಎಂದು ಕೇಳಿದ್ದಳು. “ಬಂದ್ರ, ಆ ತಿರುವಿನ್ಯಾಗ ಇಳದು ನಡಕೊಂಡು ಬಾ ತಾಯಿ. ಸಪ್ಪಳಾ ಕೇಳಿದ್ರ ನಾ ಮನ್ಯಾಗ ಇರಂಗಿಲ್ಲ.”

*

ಈ ಸಲ ಅದು ಗಾಳಿಯಾಗಿರಲಿಲ್ಲ.

ಇಳಿಜಾರಿನ ತಿರುವಿನಲ್ಲಿ ಇಂಜಿನ್ನಿನ ಗುಡುಗು ಎದ್ದಿತು. ಅದರ ಹಿಂದೆಯೇ ಹಸಿರು ಬಣ್ಣವೊಂದು ಮರಗಳ ನಡುವೆ ಹೊಳೆದು ಮರೆಯಾಯಿತು. ಯಾರೂ ಕೂಗಲಿಲ್ಲ. ನಾಲ್ವರೂ ಜನಾಜಾವನ್ನು ಮಗುವನ್ನು ಮಲಗಿಸಿದಂತೆ ದಾರಿಯ ಮೇಲೆ ಇಳಿಸಿದರು. ಮರುಕ್ಷಣ ದಾರಿಯಲ್ಲಿ ಜನವಿರಲಿಲ್ಲ. ಇಕ್ಕೆಲದ ಪೊದೆಗಳು ತೆರೆದು ಮುಚ್ಚಿಕೊಂಡವು.

“ಬಾರಬೇ!” ಜಾಕೀರ್ ಮಗಳ ತೋಳು ಹಿಡಿದೆಳೆದ.

“ಅಜ್ಜಿನ್ನ ಬಿಟ್ಟು?”

“ಸತ್ತವರನ್ನ ಒಯ್ಯಂಗಿಲ್ಲ ಅವರು. ಬದುಕಿದವರನ್ನ ಒಯ್ತಾರ!”

ಅವಳ ಕಾಲುಗಳೂ ಪೊದೆಯ ಕಡೆಗೆ ತಿರುಗಿದವು. ಆ ಕಾಲುಗಳನ್ನು ಕಂಡು ಅವಳಿಗೇ ಹೆದರಿಕೆಯಾಯಿತು. ಜನಾಜಾದ ಬಿದಿರ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕುಳಿತುಬಿಟ್ಟಳು. ತಂದೆಯ ಹಿಡಿತ ಜಾರಿತು; ಅವನೂ ಪೊದೆ ಸೇರಿದ.

ಜೀಪಿನಿಂದ ಇಳಿದವಳು ಕನ್ನಡಕದ ಹೆಣ್ಣುಮಗಳು. ಚಾದರ ಕಂಡೊಡನೆ ಚಪ್ಪಲಿ ಕಳಚಿದಳು. “ನಾಜಮೀನ್ ಅಲ್ಲೇನ್ರಿ? ನಾನು ಅಮೃತಾ, ಸ್ಕಾಲರ್‌ಶಿಪ್ಪಿನ ಕಡೆಯಿಂದ. ಮೆಸೇಜ್ ಹಾಕಿದ್ದೆ... ಯಾರಿವರು?”

“ನಮ್ಮ ಅಜ್ಜಿ ರೀ.”

“ಅಯ್ಯೋ ದೇವರೇ. ಹೊತ್ತವರು ಎಲ್ರಿ ಮತ್ತ?”

ನಾಜಮೀನ್ ಪೊದೆಗಳತ್ತ ಕಣ್ಣು ಹಾಯಿಸಿದಳು. ಅಮೃತಾ ಸುತ್ತಲಿನ ಹಸಿರನ್ನು ನೋಡಿ ದನಿ ತಗ್ಗಿಸಿದಳು. “ಇಂಥಾ ಹೊತ್ತಿನ್ಯಾಗ ಕೇಳಬಾರದು. ಆದರ ಇವತ್ತು ಕಡೀ ದಿನಾರಿ. ಹಿರಿಯರು ಇಬ್ಬರು ನನ್ನ ಮುಂದ ಒಂದು ಮಾತು ಹೇಳಿದ್ರ ಸಾಕು. ಇಲ್ಲಂದ್ರ ಬ್ಯಾರೆಯವರಿಗೆ ಹೋಗತದ.”

“ಇಂಜಿನ್ ಬಂದ್ ಮಾಡಸ್ರಿ.”

ಇಂಜಿನ್ ನಿಂತಿತು. ನಾಜಮೀನ್ ಎದ್ದು ಅಡವಿಗೆ ಮುಖ ಮಾಡಿ ಕೂಗಿದಳು. “ಅಬ್ಬಾ! ಮುನಾಫಜ್ಜಾ! ಇವರು ಅವರಲ್ಲಾ, ಏನೂ ಮಾಡಂಗಿಲ್ಲಾ, ಹೊರಗ ಬರ್ರಿ!”

ಎಲೆಯೂ ಅಲುಗಲಿಲ್ಲ. ಕೂಗಿದ ಮೇಲೆ ಅವಳಿಗೆ ಹೊಳೆಯಿತು. ಹಿಂದೆ ಖಾಕಿಯವರು ಸಿಕ್ಕವರ ಕೊರಳು ಹಿಡಿದು ಇದೇ ಮಾತನ್ನು ಕೂಗಿಸುತ್ತಿದ್ದರು. ಆ ಕರೆಯನ್ನು ನಂಬಿ ಹೊರಬಂದವರ ಗತಿಯನ್ನು ಹಟ್ಟಿಯ ಹಸುಗೂಸೂ ಬಲ್ಲದು.

ಬಹಳ ಹೊತ್ತಿನ ಮೇಲೆ ಪೊದೆ ಸರಿಯಿತು. ಮೊದಲು ಮುನಾಫ್ ಬಂದ, ಬೆನ್ನಿಗೇ ಜಾಕೀರ್.

“ಮೇಡಮ್ಮಾರ,” ಎಂದ ಮುನಾಫ್. “ಈ ಹುಡುಗಿ ನಮ್ಮ ಹಟ್ಟಿಯಾಕಿ ಅಲ್ರಿ. ಧಾರವಾಡದಾಕಿ, ದಾರಿ ತಪ್ಪಿ ಬಂದಾಳ. ಅಕಿಗೇನೂ ಗೊತ್ತಿಲ್ಲ. ಬಿಟ್ಟುಬಿಡ್ರಿ ಅಕಿನ್ನ.”

“ಅಬ್ಬಾ, ಹೇಳು!” ನಾಜಮೀನ್ ಚೀರಿದಳು.

ಜಾಕೀರ್ ಅವಳತ್ತ ನೋಡಲಿಲ್ಲ. “ನನ್ನ ಮಗಳಲ್ರಿ,” ಎಂದ. “ಬೇಕಾದ್ರ ನನ್ನ ಒಯ್ರಿ.”

ಅವರ ಹಿಂದೆ ಪೊದೆಗಳಿಂದ ಒಬ್ಬೊಬ್ಬರೇ ದಾರಿಗಿಳಿಯುತ್ತಿದ್ದರು, ಗಂಡಸರು, ಸೆರಗು ಹೊದ್ದ ಹೆಂಗಸರು. ಎಲ್ಲರೂ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದ್ದರು. ಹಾಗೆಯೇ ಬಂದು ಜನಾಜಾದ ಸುತ್ತ ನಿಂತರು. ಅದನ್ನು ಎತ್ತಲು ಒಬ್ಬರೂ ಕೈ ಇಳಿಸಲಿಲ್ಲ.