ಮೋಹನದಲ್ಲೊಂದು ಮಧ್ಯಮ

ಸೂರ್ಯನಾರಾಯಣನಿಗೆ ಸಂಗೀತ ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅವನನ್ನು ವಿದ್ವಾಂಸ ಅಂದುಕೊಳ್ಳುವುದು ಬೇಡ. ಸೇತುವೆ ಕಟ್ಟಿಕೊಂಡಿದ್ದು ರಿಟೈರ್ ಆದ ಎಂಜಿನಿಯರ್ ಅವನು. ಅಷ್ಟು ವರ್ಷ ಸಂಗೀತಗಾರ್ತಿಯ ಗಂಡನಾಗಿದ್ದರೂ ಅವನು ತಾಳ ಹಾಕಿದರೆ ಸೊಳ್ಳೆ ಹೊಡೆದ ಹಾಗಿರುತ್ತಿತ್ತು. ನಾನು ಮೃದಂಗದವನು, ಅದೂ ಯುಗಾದಿ, ರಾಮನವಮಿಗೆ ನುಡಿಸುವ ಮೃದಂಗದವನು. ಆದರೂ ಅವನ ತಾಳ ಕಂಡರೆ ಕೈ ಹಿಡಿದು ನಿಲ್ಲಿಸೋಣ ಅನ್ನಿಸುತ್ತಿತ್ತು. ಎಷ್ಟೋ ಸಲ ನಿಲ್ಲಿಸಿಯೂ ಇದ್ದೇನೆ.

ಅವನ ಹೆಂಡತಿ ಪದ್ಮಜಮ್ಮ ನ್ಯೂಜೆರ್ಸಿಯ ಎಡಿಸನ್ ಊರಿನ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಶನಿವಾರ ಬಂತೆಂದರೆ ಆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಆಕೆ ಬೈದವರಲ್ಲ, ಹೊಗಳಿದವರೂ ಅಲ್ಲ. ತಪ್ಪು ಸ್ವರ ಕಿವಿಗೆ ಬಿದ್ದರೆ ನಾಲಿಗೆಯಲ್ಲಿ ಒಂದು ‘ಚ್ಚ್’. ತೋರುಬೆರಳು ಮೇಲೆ. ಸರಿಯಾಗಿ ಹಾಡಿದರೆ ಏನೂ ಇಲ್ಲ, ಮುಂದಿನ ಸಾಲು. ‘ಚೆನ್ನಾಗಿದೆ’ ಅನ್ನುವ ಮಾತನ್ನು ಆ ಬಾಯಿಂದ ಕೇಳಿದ ಶಿಷ್ಯರು ನ್ಯೂಜೆರ್ಸಿಯಲ್ಲೇ ಇಲ್ಲ.

ಆಮೇಲೆ ಮರೆವಿನ ಕಾಯಿಲೆ ಬಂತು. ಪಕ್ಕದ ಓಲ್ಡ್ ಬ್ರಿಡ್ಜ್ ಅನ್ನುವ ಊರಿನಲ್ಲಿ ಅಂಥವರನ್ನು ನೋಡಿಕೊಳ್ಳುವ ಒಂದು ಕಡೆ ಸೇರಿಸಿದೆವು. ಮಾತು ಒಂದೊಂದಾಗಿ ಉದುರಿತು. ಮೊದಲು ಇಂಗ್ಲಿಷ್ ಹೋಯಿತು, ಆಮೇಲೆ ಜನರ ಹೆಸರು. ಗಂಡ ಸೂರಿಯನ್ನು ಸ್ವಲ್ಪ ದಿನ ಡಾಕ್ಟರೇ ಅಂತ ಕರೆದರು. ಚಳಿಗಾಲದ ಹೊತ್ತಿಗೆ ಅದೂ ನಿಂತಿತು.

“ಒಂದು ಮಾತು ಸಾಕು ಕಣೋ ವೀರಿ. ಬೈದ್ರೂ ಸರಿ,” ಅನ್ನುತ್ತಿದ್ದ ಸೂರಿ. ವೀರೇಂದ್ರ ಅನ್ನುವ ನನ್ನ ಹೆಸರನ್ನು ಇಷ್ಟು ವಯಸ್ಸಾದ ಮೇಲೂ ಮೊಟಕು ಮಾಡಿ ಕರೆಯುವವನು ಅವನೊಬ್ಬನೇ.

ಪದ್ಮಜಮ್ಮ ಮಕ್ಕಳಿಗಾಗಿ ಮೋಹನ ರಾಗದಲ್ಲಿ ಒಂದು ಪುಟ್ಟ ಹಾಡು ಕಟ್ಟಿದ್ದರು. ಬರೆದಿಡಲು ಮಾತ್ರ ಬಿಡಲಿಲ್ಲ. ಕಾಗದ ನೋಡಿ ಹಾಡುವವರಿಗೆ ಕಿವಿ ಸಾಯುತ್ತದೆ ಅನ್ನುವವರು. ಉಳಿದದ್ದು ಗರಗರ ಅನ್ನುವ ಒಂದು ಸವೆದ ಕ್ಯಾಸೆಟ್. ಆಕೆಯ ಹಳೆಯ ಶಿಷ್ಯೆ ಮಾನಸಿ ಈಗ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸುತ್ತಾಳೆ. ಅವಳು ಸೂರಿಗೆ ಹೇಳಿದಳು: “ಅಂಕಲ್, ವೆಸ್ಟರ್ನ್ ಸ್ಟಾಫ್ ನೊಟೇಶನ್‌ನಲ್ಲಿ ಹಾಕ್ಕೊಡಿ, ಐ ವಿಲ್ ಪ್ಲೇ ಇಟ್. ಸಾಫ್ಟ್‌ವೇರ್ ಇದೆ. ನೀವು ಟೈಪ್ ಮಾಡಿದ್ರೆ ಅದೇ ನುಡಿಸಿ ತೋರಿಸುತ್ತೆ.”

ಅದೇ ನುಡಿಸುತ್ತೆ ಅಂದದ್ದು ಇವನ ತಲೆಗೆ ಹತ್ತಿತು. ಹೆಂಡತಿಗೆ ಕೇಳಿಸಿದರೆ ಒಂದು ಮಾತು ಬಂದೀತು ಅನ್ನುವ ಆಸೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ನಾನು ಕ್ಯಾಸೆಟ್ ಕೇಳಿ ಸ್ವರ ಹೇಳುವುದು, ಅವನು ಒತ್ತುವುದು.

“ನಮ್ಮ ಸ ಅಂದ್ರೆ ಇಂಗ್ಲಿಷಿನೋರ ಸಿ ತಾನೇ?”

“ಸಿ ಹಾಕು.”

ಆ ಸಾಫ್ಟ್‌ವೇರೋ, ಹಟಮಾರಿ. ಒಂದು ಸ್ವರವನ್ನು ಉದ್ದ ಮಾಡಿದರೆ ಪಕ್ಕದ್ದನ್ನು ನುಂಗುತ್ತದೆ. ಅಳಿಸಿದರೆ ಜಾಗ ಖಾಲಿ ಬಿಡುವುದಿಲ್ಲ, ಮೌನಕ್ಕೂ ಒಂದು ಗುರುತು ತಂದು ಕೂರಿಸುತ್ತದೆ. ಸೂರಿ ಕನ್ನಡದಲ್ಲಿ ಬೈದ, ಅದಕ್ಕೆ ಅರ್ಥವಾಗಲಿಲ್ಲ. ಅಂತೂ ಮುಗಿಯಿತು.

ಭಾನುವಾರ ಓಲ್ಡ್ ಬ್ರಿಡ್ಜ್‌ಗೆ ಹೋದೆವು. ಪದ್ಮಜಮ್ಮನ ಊಟದ ಟ್ರೇ ಸರಿಸಿ ಲ್ಯಾಪ್‌ಟಾಪ್ ಇಟ್ಟು ಗುಂಡಿ ಒತ್ತಿದ. ಡಬ್ಬಿಯೊಳಗಿಂದ ಬಂದ ಹಾಗೆ ವಯಲಿನ್ ದನಿ. ಮೊದಲ ಸಾಲು ಮುಗಿಯುವ ಮೊದಲೇ ‘ಚ್ಚ್’. ಬೆರಳು ಮೇಲಕ್ಕೆ ಹೋಯಿತು.

“ಶ್ರುತಿ ಎಲ್ಲಿದೆ?”

ಎಷ್ಟೋ ದಿನಗಳ ಮೇಲೆ ಬಂದ ಮಾತು. ಸೂರಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ತಪ್ಪು ನಮ್ಮದೇ. ನಮ್ಮಲ್ಲಿ ಹಾಡುವವರ ದನಿ ಎಲ್ಲಿ ಕೂರುತ್ತದೋ ಅಲ್ಲೇ ಸ. ಪದ್ಮಜಮ್ಮನ ಸ ಹಾರ್ಮೋನಿಯಂನ ಐದನೆಯ ಬಿಳಿ ಮನೆಯಲ್ಲಿತ್ತು. ಇಬ್ಬರು ಮುದುಕರು ಸೇರಿ ಆಕೆಯ ಹಾಡನ್ನು ಮೊದಲನೆಯ ಮನೆಗೆ, ಅಂದರೆ ಆ ಸಿಗೆ, ಇಳಿಸಿದ್ದೆವು. ಆ ವಾರ, ಇಡೀ ಹಾಡನ್ನು ಒಟ್ಟಿಗೆ ಹಿಡಿದು ಮೇಲೆತ್ತಿ ಆಕೆಯ ಶ್ರುತಿಗೆ ತಂದೆವು. ಅದು ಸಾಫ್ಟ್‌ವೇರಿನಲ್ಲಿ ಕ್ಷಣದ ಕೆಲಸ.

ಮುಂದಿನ ಭಾನುವಾರ ಎಲ್ಲವೂ ಸರಿಯಾಗಿತ್ತು. ಪದ್ಮಜಮ್ಮ ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಮತ್ತೆ ಹಾಕಿದ. ಮಾತಿಲ್ಲ.

ಕಾರಿನಲ್ಲಿ ಸೂರಿ ಗೊಣಗುತ್ತಲೇ ಇದ್ದ. ನಾನು ಹೇಳಿದೆ: “ಸರಿಯಾಗಿ ಹಾಡಿದೋರಿಗೆ ಆಕೆ ಯಾವತ್ತು ಏನಂದಿದ್ದಾರೆ? ಹೋದ ವಾರ ತಪ್ಪಿತ್ತು, ಮಾತಾಡಿದ್ರು.”

ಬಾಯಿ ತಪ್ಪಿ ಅಂದ ಮಾತು. ಎರಡು ದಿನ ಕಳೆದು ಫೋನ್ ಮಾಡಿದ. “ವೀರಿ, ಬಾರೋ. ಒಂದು ತಪ್ಪು ಬೇಕು.”

“ತಪ್ಪು ಬೇಕಾದ್ರೆ ನೀನೇ ತಾಳ ಹಾಕು. ನಾನ್ಯಾಕೆ?”

“ತಮಾಷೆ ಬೇಡ ಕಣೋ. ಅವಳಿಗೆ ಸಹಿಸೋಕೇ ಆಗದಂಥ ತಪ್ಪು ಹೇಳು.”

ಹೋದೆ. ಮೋಹನದಲ್ಲಿರುವುದು ಐದೇ ಸ್ವರ, ಸ ರಿ ಗ ಪ ದ. ಅಲ್ಲಿ ಮಧ್ಯಮ ಅಂದರೆ ಕರೆಯದೆ ಮದುವೆಗೆ ಬಂದು ಮುಂದಿನ ಪಂಕ್ತಿಯಲ್ಲಿ ಕೂತ ನೆಂಟ. ಎರಡನೆಯ ಸಾಲಿನ ಒಂದು ಗಾಂಧಾರದ ಮೇಲೆ ಕ್ಲಿಕ್ ಮಾಡಿ ಮೇಲ್ಬಾಣದ ಕೀಲಿ ಒಂದು ಸಲ ಒತ್ತಿಸಿದೆ. ಗ ಹೋಗಿ ಮ ಆಯಿತು. ಕೇಳಿದರೆ ನನಗೇ ಹಲ್ಲು ಜುಮ್ಮೆಂದಿತು.

ಭಾನುವಾರ ಆ ಮಧ್ಯಮ ಬಂದದ್ದೇ ತಡ, ‘ಚ್ಚ್’.

“ಮ ಯಾರು ಕರೆದ್ರು?”

“ನಾನೇ ಕಣೇ,” ಅಂದ ಸೂರಿ.

“ಕಳಿಸ್ರೀ ಅದನ್ನ.”

ದಾರಿಯುದ್ದಕ್ಕೂ ಅದೇ ಮಾತು. “ರೀ ಅಂದ್ಲು ಕಣೋ! ಡಾಕ್ಟರಿಗೆ ರೀ ಅಂತಾಳಾ? ನಂಗೇ ಅಂದಿದ್ದು.” ಯಾರಿಗೆ ಬೇಕಾದರೂ ರೀ ಅನ್ನಬಹುದು. ಆದರೂ ವಾದ ಮಾಡದೆ ಹೂಂ ಅಂದೆ. ನನಗೆ ಅದು ಬಹಳ ಅಪರೂಪ.

ಅಲ್ಲಿಂದ ಅವನಿಗೆ ಅದೇ ಕೆಲಸ. ಪ್ರತಿ ವಾರ ಹೊಸ ಜಾಗದಲ್ಲಿ ಒಂದು ತಪ್ಪು ಕೂರಿಸುವುದು. ಜೀವಮಾನವೆಲ್ಲ ತಪ್ಪು ಸ್ವರ ಗುರುತಿಸಲಾರದ ಗಂಡಸು, ಈಗ ಯಾವ ತಪ್ಪು ಹೆಚ್ಚು ನೋಯುತ್ತದೆ ಅಂತ ನನಗೇ ಪಾಠ ಹೇಳುವಷ್ಟಾದ. ಆದರೆ ಪದ್ಮಜಮ್ಮನ ಮಾತು ಹಿಂದೆ ಸರಿಯುತ್ತಿತ್ತು. ಮೊದಲು ಮಾತು ಹೋಗಿ ‘ಚ್ಚ್’ ಉಳಿಯಿತು. ಅದೂ ಹೋಗಿ ಬೆರಳು ಉಳಿಯಿತು.

ಹಿಮ ಕರಗಿದ ಮೇಲೆ ಒಂದು ಭಾನುವಾರ. ಮಧ್ಯಮ ಬಂತು, ಹೋಯಿತು. ಹೊದಿಕೆಯ ಮೇಲೆ ಆಕೆಯ ಕೈ ತಾಳ ಹಾಕುತ್ತಲೇ ಇತ್ತು.

ಸೂರಿ ಜೋರು ಮಾಡಿ ಮತ್ತೆ ಹಾಕಿದ. ಇಲ್ಲ. ಅಲ್ಲೇ ಕೂತು ಇನ್ನೊಂದು ಸ್ವರ ಮೇಲೆತ್ತಿದ, ಮತ್ತೊಂದು ಎತ್ತಿದ. “ಸಾಕು ಸೂರಿ,” ಅಂದೆ. ಕೇಳಲಿಲ್ಲ. ಮೋಹನ ಅನ್ನುವ ರಾಗದ ಎಲುಬು ಒಂದೂ ಉಳಿಯದ ಹಾಗೆ ಮಾಡಿ ಗುಂಡಿ ಒತ್ತಿದ.

ಪದ್ಮಜಮ್ಮ ಕೊನೆಯವರೆಗೂ ಕೇಳಿದರು. ಬಾಗಿಲಿಗೆ ಬಂದ ಅತಿಥಿಯನ್ನು ನೋಡಿ ನಗುವ ಹಾಗೆ ಅವನನ್ನು ನೋಡಿ ನಕ್ಕರು.

“ಚೆನ್ನಾಗಿದೆ,” ಅಂದರು.

ಒಂದು ಮಾತು ಸಾಕು ಅಂದಿದ್ದನಲ್ಲ, ಬಂತು. ಸೂರಿ ಲ್ಯಾಪ್‌ಟಾಪ್ ಮುಚ್ಚಿದ. ಮತ್ತೆ ಅಲ್ಲಿಗೆ ಅದನ್ನು ಒಯ್ಯಲಿಲ್ಲ. ಸುಮ್ಮನೆ ಹೋಗಿ ಕೈ ಹಿಡಿದು ಕೂತು ಬರುತ್ತಿದ್ದ.

ಬೇಸಿಗೆಯಲ್ಲಿ ಆಕೆ ಹೋದರು. ವೈಕುಂಠ ಸಮಾರಾಧನೆ ಆದ ಮೇಲೆ ದೇವಸ್ಥಾನದ ಹಾಲ್‌ನಲ್ಲಿ ಶಿಷ್ಯರೆಲ್ಲ ಸೇರುವುದು, ಮಾನಸಿ ಆ ಹಾಡು ನುಡಿಸುವುದು ಅಂತ ತೀರ್ಮಾನವಾಯಿತು. ಸೂರಿ ಹಾಡನ್ನು ಸರಿಮಾಡಲು ಕೂತ. ಒಂದೊಂದೇ ಸ್ವರವನ್ನು ಕ್ಲಿಕ್ ಮಾಡಿ ಅದರ ಜಾಗಕ್ಕೆ ಇಳಿಸಿದ. ನಾನು ಪಕ್ಕದಲ್ಲಿ ಕಾಫಿ ಕುಡಿಯುತ್ತ ನೋಡುತ್ತಿದ್ದೆ.

“ಎರಡನೇ ಸಾಲಲ್ಲಿ ಒಂದು ಉಳೀತು. ಮೊದಲನೇ ಮಧ್ಯಮ.”

“ಇರಲಿ.”

“ಸೂರಿ, ಆಕೆ ಹೆಸರಲ್ಲಿ ನುಡಿಸ್ತಾರೆ. ಜನ ಏನಂತಾರೆ?”

“ಇರಲಿ ಅಂದ್ನಲ್ಲೋ.”

ಹಾಲ್‌ನಲ್ಲಿ ಮಾನಸಿ ಹಾಳೆ ನೋಡಿ ಅವನ ಹತ್ತಿರ ಬಂದಳು. “ಅಂಕಲ್, ದಿಸ್ ಈಸ್ ರಾಂಗ್, ರೈಟ್? ಇಲ್ಲಿ ಮ ಬರಲ್ಲ.”

“ಬರಲ್ಲ. ಹಾಗೇ ನುಡಿಸಮ್ಮ.”

ಅವಳು ಅವನ ಮುಖ ನೋಡಿದಳು, ಹೋಗಿ ವಯಲಿನ್ ಎತ್ತಿಕೊಂಡಳು. ಎದುರಿಗೆ ಕೂತವರೆಲ್ಲ ಆ ಬೇಸ್‌ಮೆಂಟಿನ ಮಕ್ಕಳು. ಈಗ ಡಾಕ್ಟರುಗಳು, ಮ್ಯಾನೇಜರುಗಳು, ಕೆಲವರಿಗೆ ತಲೆಯೂ ನೆರೆತಿದೆ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿನಲ್ಲಿ ಆ ಮಧ್ಯಮ ಬಂತು.

ಹಾಲ್‌ನ ಮೂಲೆಮೂಲೆಯಿಂದ ‘ಚ್ಚ್’. ಒಬ್ಬರೂ ಬೇಕೆಂದು ಮಾಡಿದ್ದಲ್ಲ, ಮಾಡಿದ ಮೇಲೆ ನಾಚಿಕೆಯಿಂದ ಅತ್ತ ಇತ್ತ ನೋಡಿದರು. ನನ್ನ ನಾಲಿಗೆಯೂ ಸುಮ್ಮನಿರಲಿಲ್ಲ.

ಸೂರಿ ಕಣ್ಣು ಮುಚ್ಚಿಕೊಂಡಿದ್ದ. ಕೆನ್ನೆ ಒದ್ದೆಯಾಗಿತ್ತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ, ಎಂದಿನ ಹಾಗೆ ತಪ್ಪುತಪ್ಪಾಗಿ. ಆ ದಿನ ನಾನು ಅವನ ಕೈ ಹಿಡಿದು ನಿಲ್ಲಿಸಲಿಲ್ಲ.